ಎರಡನೇ ಕುರ್ಚಿಯ ಅಳತೆ

"ಅಯ್ಯೋ, ಯಾರಾದ್ರೂ ಇದೀರಾ? ಕೇಳಿಸ್ತಿದೆಯಾ...?"

ಕೂಗಿ ಕೂಗಿ ಗುಬ್ಬಿಯ ಗಂಟಲು ಕಟ್ಟಿತ್ತು. ಹಳೆಯ ಕಟ್ಟಡದ ಹಳೆಯ ಲಿಫ್ಟು. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ತ್ರಿಶಂಕುವಿನ ಹಾಗೆ ನಿಂತುಬಿಟ್ಟಿತ್ತು. ಒಳಗೆ ಅವಳು. ಅವಳ ಜೊತೆಗೊಂದು ಮಂಚ!

ಹೌದು, ಮಂಚವೇ. ನಾಲ್ಕನೇ ಮಹಡಿಯ ಮನೆಯವರು ಬಿಸಾಡಲು ತೆಗೆದಿಟ್ಟಿದ್ದ, ಮಕ್ಕಳನ್ನು ಮಲಗಿಸುವ ಎತ್ತರದ ಕಬ್ಬಿಣದ ಮಂಚ. ಬೇರೆಯವರಿಗೆ ಅದು ಗುಜರಿ. ಗುಬ್ಬಿಯ ಕಣ್ಣಿಗೆ ಮಾತ್ರ ಅದು ಯಾರದೋ ಬಾಲ್ಕನಿಯಲ್ಲಿ ಬಣ್ಣ ಬಳಿಸಿಕೊಂಡು, ದಿಂಬು ಹಾಕಿಸಿಕೊಂಡು ಕೂರಲಿರುವ ಚೆಂದದ ಬೆಂಚು.

ಅವಳ ಕೆಲಸವೇ ಅದು. ದುಡ್ಡು ಸುರಿಯಲಾಗದವರ ಬಾಲ್ಕನಿ, ಹಿತ್ತಲು, ತಾರಸಿಗಳನ್ನು ಬೇರೆಯವರು ಬಿಸಾಡಿದ ಸಾಮಾನಿನಿಂದಲೇ ನಾಲ್ಕು ಜನ ಕೂತು ಹರಟುವಂಥ ಜಾಗ ಮಾಡಿಕೊಡುವುದು. ಗಿಡ್ಡ ಆಳು. ನಿಂತಲ್ಲಿ ನಿಲ್ಲುವವಳಲ್ಲ. ಅದಕ್ಕೇ ಮನೆಯಿಂದ ಹಿಡಿದು ಗುಜರಿ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಅವಳು ಗುಬ್ಬಿ.

ಮಂಚದ ಒಂದು ಕಾಲು ಲಿಫ್ಟಿನ ಜಾಲರಿ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಾಗುತ್ತಿತ್ತು.

ಅಷ್ಟರಲ್ಲಿ ಕೆಳಗಿನ ಮಹಡಿಯ ಬಾಗಿಲು ಕರಕರ ಎಂದು ಸರಿಯಿತು. ಲಿಫ್ಟಿನ ಕೆಳಭಾಗದ ಸಂದಿಯಿಂದ ಬೆಳಕು ಒಳಗೆ ಬಂತು.

"ಲಿಫ್ಟಲ್ಲಿ ಮಂಚ ಹಾಕ್ಕೊಂಡು ಓಡಾಡೋರನ್ನ ಇವತ್ತೇ ನೋಡಿದ್ದು ನಾನು!" ಗಂಡಸಿನ ದನಿ. ಸಿಡಿಮಿಡಿ ದನಿ.

"ನೋಡಿದ್ದಾಯ್ತಲ್ಲ, ಈಗ ಇಳಿಸಿ!"

"ಎಳೀಬೇಡಿ ಮೇಡಮ್. ನೀವು ಎಳೆದಷ್ಟೂ ಜಾಲರಿ ಸೊಟ್ಟ ಆಗುತ್ತೆ. ಸುಮ್ನೆ ಒಂದು ಕಡೆ ಕೂತ್ಕೊಳ್ಳಿ."

"ನನಗೆ ಕೂತ್ಕೊಳ್ಳೋಕೆ ಬರಲ್ಲ!"

ಕೆಳಗಿನವನು ಕತ್ತೆತ್ತಿ ನೋಡಿದ.

"ಈಜೋಕೆ ಬರಲ್ಲ ಅನ್ನೋರನ್ನ ಕೇಳಿದೀನಿ... ಕೂತ್ಕೊಳ್ಳೋಕೂ ಬರಲ್ಲ ಅನ್ನೋರು ಇದಾರಾ? ಮಂಚ ಜೊತೆಗೇ ಇದೆಯಲ್ಲ!"

ಬೇರೆ ದಾರಿಯಿಲ್ಲದೆ ಗುಬ್ಬಿ ಮಂಚದ ಅಂಚಿಗೆ ಏರಿ ಕೂತಳು. ಎಲ್ಲ ಮಂಚ, ಎಲ್ಲ ಕುರ್ಚಿ, ಎಲ್ಲ ಬೆಂಚಿನ ಮೇಲೂ ಆಗುವುದೇ ಇಲ್ಲೂ ಆಯಿತು. ಕಾಲು ನೆಲ ಮುಟ್ಟಲಿಲ್ಲ. ಗಾಳಿಯಲ್ಲಿ ತೂಗಾಡಿತು. ಸ್ವಲ್ಪ ಹೊತ್ತಿಗೆಲ್ಲ ತೊಡೆಯ ಕೆಳಗೆ ಒತ್ತಿ ಜೋಮು ಹಿಡಿಯಿತು. ಅವಳು ಎದ್ದಳು. ಕೂತಳು. ಮತ್ತೆ ಎದ್ದಳು.

ಕೆಳಗೆ ನಿಂತು ಸ್ಕ್ರೂ ಬಿಚ್ಚುತ್ತಿದ್ದ ಲಿಫ್ಟ್ ಮೆಕ್ಯಾನಿಕ್‌ನ ಕಣ್ಣಿಗೆ ಕಾಣುತ್ತಿದ್ದದ್ದು ಆ ಎರಡು ಪುಟ್ಟ ಕಾಲುಗಳು ಮಾತ್ರ. ನೆಲ ಸಿಗದೆ ಒದ್ದಾಡುತ್ತಿದ್ದ ಕಾಲುಗಳು. ಯಾಕೋ ಅವನ ಸಿಡಿಮಿಡಿ ಇಳಿದುಹೋಯಿತು.

"ಇನ್ನೇನು ಆಯ್ತು. ಹೆದರ್ಕೋಬೇಡಿ," ಎಂದ ಮೆತ್ತಗೆ.

"ಹೆದರಿಕೆ ಯಾರಿಗೆ?" ಎಂದಳು ಗುಬ್ಬಿ. ಅವಳ ಕೈ ಮಾತ್ರ ಮಂಚದ ಅಂಚನ್ನು ಬಿಟ್ಟಿರಲಿಲ್ಲ.

* * *

ಲಿಫ್ಟ್ ಇಳಿಯಿತು. ಮಂಚ ಹೊರಬಂತು. ಅವನೇ ಅದನ್ನು ಹೆಗಲ ಮೇಲೆ ಹೊತ್ತು ಗೇಟಿನವರೆಗೆ ತಂದ.

"ಇದನ್ನ ಏನ್ ಮಾಡ್ತೀರಿ?"

ಅವಳು ಹೇಳಿದಳು. ಮಂಚ ಹೇಗೆ ಬೆಂಚಾಗುತ್ತದೆ, ಒಡೆದ ಟೈಲ್ಸ್ ಹೇಗೆ ಮೇಜಿನ ಮೈಯಾಗುತ್ತದೆ, ಖಾಲಿ ಪೇಂಟ್ ಡಬ್ಬದಲ್ಲಿ ಗಿಡ ಹೇಗೆ ಚೆನ್ನಾಗಿ ಬರುತ್ತದೆ... ಕೈಯಾಡಿಸುತ್ತ, ಅತ್ತಿತ್ತ ಓಡಾಡುತ್ತ ಹೇಳಿದಳು. ಅವನು ಬಾಯಿ ಬಿಟ್ಟುಕೊಂಡು ಕೇಳಿದ.

"ನನ್ನ ತಾರಸೀನೂ ಮಾಡ್ಕೊಡ್ತೀರಾ? ಬೆಳಗಿಂದ ಸಂಜೆವರೆಗೂ ಡಬ್ಬದೊಳಗೇ ನನ್ನ ಬದುಕು. ಹೊರಗೆ ಬಂದ ಮೇಲಾದ್ರೂ ಸ್ವಲ್ಪ ಆಕಾಶ ನೋಡೋಣ ಅಂದ್ರೆ, ಕೂರೋಕೆ ಜಾಗ ಇಲ್ಲ. ಆದ್ರೆ ಒಂದು ಮಾತು... ನನ್ನ ಕೈ ಸ್ವಲ್ಪ ಬಿಗಿ."

"ಕೈ ಬಿಗಿ ಇರೋರೇ ನನ್ನ ಗಿರಾಕಿಗಳು ಲಿಫ್ಟ್ ಸಾರ್! ಕೈ ಸಡಿಲ ಇರೋರು ಅಂಗಡಿಗೆ ಹೋಗ್ತಾರೆ."

ಲಿಫ್ಟ್ ಸಾರ್! ಅವನು ಜೋರಾಗಿ ನಕ್ಕ. ಆ ನಗು ಗುಬ್ಬಿಯ ಕಿವಿಯಲ್ಲೇ ಉಳಿಯಿತು. ಮನೆಗೆ ಹೋದ ಮೇಲೂ ಉಳಿಯಿತು. 'ಇದೇನಪ್ಪ ಗ್ರಹಚಾರ!' ಎಂದುಕೊಂಡಳು.

ಅವನ ಮನೆಯೆಂದರೆ ಮೂರು ಮಹಡಿಯ ಮೇಲೆ ತಾರಸಿಯಲ್ಲಿದ್ದ ಒಂದು ಬಾಡಿಗೆ ಕೋಣೆ. ಹೊರಗೆ ಬೋಳು ಸಿಮೆಂಟು, ಕಪ್ಪು ನೀರಿನ ಟ್ಯಾಂಕು, ಒಡೆದ ಎರಡು ಕುಂಡ. ಮಧ್ಯಾಹ್ನ ಬರಿಗಾಲಿಟ್ಟರೆ ಚುರ್ ಎನ್ನುವ ಕಾವು. ಕೆಳಗಿನ ಮನೆಯಲ್ಲಿ ಓನರ್ ಅಮ್ಮ. ಮಂಡಿ ನೋವೆಂದು ಅಂಗಡಿಗೂ ಹೋಗದ ಹೆಂಗಸು, ಮೇಲೆ ಏನಾದರೂ ವಿಷಯ ಇದೆಯೆಂದರೆ ಸಾಕು, ಮೆಟ್ಟಿಲು ಹತ್ತಿ ಹಾಜರ್.

"ಏನೇನು ತರಬೇಕು?" ಎಂದು ಕೇಳಿದ ಅವನು.

"ಏನೂ ತರಬೇಡಿ. ಮೊದಲು ನೋಡ್ತೀನಿ."

ಗುಬ್ಬಿ ಬೆಳಗ್ಗೆ ಬಂದಳು, ಮಧ್ಯಾಹ್ನ ಬಂದಳು, ಸಂಜೆ ಬಂದಳು. ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಬಿಸಿಲು ಎಲ್ಲಿಂದ ಬಂದು ಎಲ್ಲಿಗೆ ಸರಿಯುತ್ತದೆ ಎಂದು ನೋಡಿದಳು.

"ಇದನ್ನ ನೋಡದೆ ಕುರ್ಚಿ ಹಾಕಿದ್ರೆ, ಆಮೇಲೆ ಜೀವನಪೂರ್ತಿ ಕುರ್ಚಿ ಎಳ್ಕೊಂಡು ನೆರಳು ಹುಡುಕಬೇಕು," ಎಂದಳು.

"ನೆಲದ ಮೇಲಾದ್ರೆ ಕೂರ್ತೀರಲ್ಲ?"

"ನೆಲ ಜೋಮು ಹಿಡಿಸಲ್ಲ."

ಅವನು ಅವಳ ಕಾಲುಗಳನ್ನೊಮ್ಮೆ ನೋಡಿ, ಥಟ್ಟನೆ ಬೇರೆಡೆ ನೋಡಿದ.

ಇನ್ನು ಅವಳ ಅಳತೆಯ ಕ್ರಮ. ಅವಳು ಟೇಪು ನಂಬುವವಳಲ್ಲ. ಯಾರಿಗೆ ಕುರ್ಚಿಯೋ ಅವರನ್ನು ಕೂರಿಸಿ, ಪಾದ ನೆಲಕ್ಕೆ ಊರಿಸಿ, ಹಿಮ್ಮಡಿಯಿಂದ ಮೊಣಕಾಲ ಹಿಂದಿನ ಮಡಿಕೆಯವರೆಗೆ ಒಂದು ಬಿದಿರ ಕಡ್ಡಿ ನಿಲ್ಲಿಸಿ ಅಷ್ಟಕ್ಕೇ ಕತ್ತರಿಸುವಳು. ಆ ಕಡ್ಡಿಯೇ ಕುರ್ಚಿಯ ಎತ್ತರ.

"ಟೇಪು ನಂಬರ್ ಹೇಳುತ್ತೆ, ಕಡ್ಡಿ ಕಾಲನ್ನೇ ತೋರಿಸುತ್ತೆ. ಅಲ್ಲಾಡಬೇಡಿ!"

"ಕಚಗುಳಿ ಆಗುತ್ತೆ ಮೇಡಮ್..."

"ಗಂಡಸಾಗಿ ಕಚಗುಳಿ ಅಂತೀರಲ್ಲ! ನೋಡಿ, ಕೆಲವರು ಮೊಣಕಾಲ ಹಿಂದೆ ಮುಟ್ಟಿಸ್ಕೊಳ್ಳೋಕೆ ನಾಚ್ಕೋತಾರೆ. ಅಂಥೋರಿಗೆ ಮುಂದಿನ ಮೊಣಕಾಲ ಚಿಪ್ಪಿನ ಮಟ್ಟ ನೋಡಿ, ಅಲ್ಲಿಂದ ನಾಲ್ಕು ಬೆರಳು ಕಮ್ಮಿ ಮಾಡ್ತೀನಿ. ಅದೂ ಸರಿಹೋಗುತ್ತೆ."

"ನಾಲ್ಕು ಬೆರಳು..." ಎಂದು ಅವನು ಪಾಠ ಒಪ್ಪಿಸುವವನಂತೆ ಹೇಳಿಕೊಂಡ.

"ಇನ್ನೊಂದು. ಯಾರಿಗೆ ಮಾಡಿದ ಕುರ್ಚಿಯೋ ಅವರೇ ಮೊದಲು ಕೂರಬೇಕು. ಮಾಡಿದ ನಾನೂ ಕೂತು ನೋಡಲ್ಲ. ಕೈಯಲ್ಲಿ ಒತ್ತಿ ನೋಡ್ತೀನಿ, ಅಷ್ಟೆ. ಹೊಸ ಕುರ್ಚಿಗೆ ಮೊದಲ ಭಾರ ಅದರ ಯಜಮಾನಂದೇ ಆಗ್ಬೇಕು. ಇದು ನನ್ನ ಹಟ ಅಂದ್ಕೊಳ್ಳಿ."

"ಮತ್ತೇನಾದ್ರೂ ಹಟ ಇದೆಯಾ?"

"ಇದೆ. ಹಿಂದೆ ಒಬ್ಬ ಗಿರಾಕಿ, ಬಾಲ್ಕನಿ ಕೆಲಸ ಅರ್ಧ ಆಗಿದೆ, ಮದುವೆ ಆಗ್ತೀಯಾ ಅಂತ ಕೇಳ್ದ! ಸುತ್ತಿಗೆ ಎತ್ಕೊಂಡು ಬಂದೋಳು ತಿರುಗಿ ನೋಡ್ಲಿಲ್ಲ. ಕೆಲಸದ ಜಾಗದಲ್ಲಿ ಯಾರು ಆ ಮಾತೆತ್ತಿದ್ರೂ ಅಷ್ಟೆ... ಅರ್ಧಕ್ಕೇ ಬಿಟ್ಟು ಹೋಗ್ತೀನಿ!"

ನಗುನಗುತ್ತ ಹೆಮ್ಮೆಯಿಂದ ಹೇಳಿದಳು. ಅವನ ಮುಖದ ನಗು ಆರಿದ್ದನ್ನು ಮಾತ್ರ ಅವಳು ನೋಡಲಿಲ್ಲ. ಮಾತಾಡುತ್ತ ಮಾತಾಡುತ್ತಲೇ ಟ್ಯಾಂಕಿನ ಕಡೆ ಹೊರಟುಹೋಗಿದ್ದಳು.

* * *

ತಾರಸಿ ದಿನದಿನಕ್ಕೆ ಬೇರೆಯಾಗತೊಡಗಿತು.

ಕಾವು ಇಳಿಯಲೆಂದು ನೆಲಕ್ಕೆ, ಮೋಟುಗೋಡೆಗೆ ಬಿಳಿ ಬಳಿದರು. ಟ್ಯಾಂಕಿನ ಕಂಬದಿಂದ ಕೋಣೆಯ ಗೋಡೆಗೆ ಅವನು ಲಿಫ್ಟಿನ ಹಳೆಯ ಉಕ್ಕಿನ ಹಗ್ಗ ಬಿಗಿದ. ಅವಳು ಅದರ ಮೇಲೆ ಹಸಿರು ನೆರಳು ಬಟ್ಟೆ ಹೊದಿಸಿದಳು. ಕೇಬಲ್ ಸುತ್ತಿದ್ದ ಮರದ ದೊಡ್ಡ ಉರುಳೆ ಮೇಜಾಯಿತು. ಒಂದು ಸಂಜೆ ಅವನು ಬಿಚ್ಚಿ ಹಾಕಿದ ಯಾವುದೋ ಲಿಫ್ಟಿನ ಮರದ ಹಲಗೆಗಳನ್ನು ಹೊತ್ತು ತಂದ. ಮಹಡಿಯ ಅಂಕಿಗಳ ಗುಂಡಿಗಳಿದ್ದ ಹಿತ್ತಾಳೆ ಪಟ್ಟಿಯೂ ಅದರಲ್ಲೇ ಇತ್ತು.

"ಅಬ್ಬಬ್ಬಾ! ಎಂಥ ಮರ ಇದು!" ಗುಬ್ಬಿ ಹಲಗೆಗೆ ಕೆನ್ನೆ ಒತ್ತಿಬಿಟ್ಟಳು. "ಕುರ್ಚಿಗೆ ಇದೇ. ಪಟ್ಟೀನೂ ಬಿಸಾಡ್ಬೇಡಿ, ಬೆನ್ನಿಗೆ ಕೂರಿಸ್ತೀನಿ."

"ಅದರ ಗುಂಡಿ ಒತ್ತಿದ್ರೆ ಕುರ್ಚಿ ಮೇಲಕ್ಕೆ ಹೋಗುತ್ತಾ?"

"ಹೋಗುತ್ತೆ, ಮೂರನೇ ಮಹಡಿ ಹತ್ರ ಸಿಕ್ಕಿಹಾಕ್ಕೊಳ್ಳುತ್ತೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿಂದ ಓನರ್ ಅಮ್ಮ, "ಏನದು ಅಷ್ಟೊಂದು ನಗು?" ಎಂದು ಕೂಗಿದರು.

ಮೋಟುಗೋಡೆಗೆ ಬಿಳಿ ಬಳಿದ ದಿನ ಇನ್ನೊಂದು ಸಂಗತಿ ನಡೆಯಿತು. ಬಣ್ಣ ಹಸಿಯಾಗಿತ್ತು. ಮರಳಿನ ಚೀಲವನ್ನು ಕೆಳಗಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದ ಗುಬ್ಬಿ, ಭಾರ ತಡೆಯಲು ಪಾದ ನೆಲಕ್ಕೂರಿ, ಎಡಗಾಲಿನ ಮೊಣಕಾಲನ್ನು ಗೋಡೆಗೆ ಒತ್ತಿ ನಿಂತಳು. ಚೀಲವೇನೋ ಮೇಲೆ ಬಂತು, ಆದರೆ ಗೋಡೆಯಲ್ಲಿ ದುಂಡಗೆ ಒಂದು ಗುರುತು ಉಳಿಯಿತು. ಅವಳ ಬಟ್ಟೆಗೂ ಬಿಳಿ ಮೆತ್ತಿತು.

"ಛೇ! ಇಲ್ಲಿ ಇನ್ನೊಂದು ಸಲ ಬ್ರಶ್ ಆಡಿಸ್ತೀನಿ."

"ಬೇಡ!" ಅವನು ಎಷ್ಟು ಜೋರಾಗಿ ಹೇಳಿದನೆಂದರೆ ಅವಳು ಬೆಚ್ಚಿಬಿದ್ದಳು. "ಇರಲಿ ಬಿಡಿ. ಬಣ್ಣ... ಬಣ್ಣ ಯಾಕೆ ದಂಡ?"

'ಕೈ ಬಿಗಿ ಅಂದ್ರೆ ಇಷ್ಟು ಬಿಗೀನಾ!' ಎಂದು ಗುಬ್ಬಿ ಮನಸ್ಸಿನಲ್ಲೇ ನಕ್ಕಳು.

ಆದರೆ ನಗು ಎಷ್ಟು ದಿನ? ಅಕ್ಕನ ಮನೆಗೆ ಹೋದರೆ ಮನಸ್ಸು ನಿಲ್ಲುತ್ತಿರಲಿಲ್ಲ. ಅಕ್ಕ, ಭಾವ ಇಬ್ಬರೂ ಒಳ್ಳೆಯವರೇ. ಆದರೂ ಅವರ ಎರಡು ಕೋಣೆಯ ಮನೆಯಲ್ಲಿ ಅವಳದೆನ್ನುವುದು ಬಾಗಿಲ ಹಿಂದೆ ಸುತ್ತಿಟ್ಟ ಒಂದು ಹಾಸಿಗೆ. ಊರಿಗೆಲ್ಲ ಕೂರುವ ಜಾಗ ಮಾಡಿಕೊಟ್ಟವಳಿಗೆ ತನ್ನದೇ ಒಂದು ಮೂಲೆ ಇರಲಿಲ್ಲ. ಅದು ಅವಳನ್ನು ಇದುವರೆಗೂ ಕಾಡಿರಲಿಲ್ಲ. ಈಗ ಯಾಕೋ ಕಾಡುತ್ತಿತ್ತು.

"ಆ ಕಂಪನಿಯವರಿಗೆ ಏನಂದೆ?" ಅಕ್ಕ ದಿನಾ ಕೇಳುವಳು.

ದೂರದ ಊರಿನ ದೊಡ್ಡ ಕಂಪನಿ. ತೋಟದ ಕುರ್ಚಿ, ಮೇಜು ಮಾಡುವವರು. ಗುಬ್ಬಿ ಮಾಡಿದ ಬಾಲ್ಕನಿಯೊಂದನ್ನು ನೋಡಿ ಕೆಲಸಕ್ಕೆ ಕರೆದಿದ್ದರು. ಕಾಯಂ ಕೆಲಸ, ಇರಲು ಕೋಣೆ. ಒಂದೇ ಅಳತೆಯ ಸಾವಿರಾರು ಕುರ್ಚಿಗಳ ಮೇಲ್ವಿಚಾರಣೆ.

"ಯೋಚನೆ ಮಾಡ್ತಿದೀನಿ ಅಕ್ಕಾ."

"ನೀನು ಯೋಚನೆ ಮಾಡೋದೇ? ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೋಳು, ಇನ್ನೂ ಇಲ್ಲೇ ಇದೀಯಲ್ಲ, ಅದೇ ನನಗೆ ಆಶ್ಚರ್ಯ. ಏನು ವಿಷಯ?"

ಗುಬ್ಬಿ ಹಾಸಿಗೆ ಬಿಡಿಸತೊಡಗಿದಳು. ವಿಷಯ ಏನೆಂದು ಅವಳಿಗೆ ಗೊತ್ತಿತ್ತು. ಆ ವಿಷಯ ಮೂರು ಮಹಡಿ ಮೇಲೆ, ಗ್ರೀಸ್ ಮೆತ್ತಿದ ಅಂಗಿ ಹಾಕಿಕೊಂಡು, ಸಂಜೆ ಅವಳು ಬರುವ ಹೊತ್ತಿಗೆ ಸರಿಯಾಗಿ ಚಹಾ ಮಾಡಿಟ್ಟುಕೊಂಡು ಕಾಯುತ್ತಿತ್ತು.

'ಅವರೊಂದು ಮಾತು ಹೇಳಿದ್ರೆ ಸಾಕು... ನಾನೆಲ್ಲೂ ಹೋಗಲ್ಲ,' ಎಂದುಕೊಂಡಳು. ಹೇಳದಂತೆ ಅವನ ಬಾಯಿಗೆ ಬೀಗ ಹಾಕಿದವಳು ತಾನೇ ಎಂಬುದು ಅವಳಿಗೆ ಪೂರ್ತಿ ಮರೆತುಹೋಗಿತ್ತು. ನೋಡಿ, ಹೇಗಿದೆ!

* * *

ಮರುದಿನ ಅವನು ಪೇಪರಿನಲ್ಲಿ ಸುತ್ತಿದ ಏನನ್ನೋ ಅವಳ ಕೈಗಿಟ್ಟ.

ಬಿಚ್ಚಿ ನೋಡಿದರೆ, ಒಂದು ಬಿದಿರ ಕಡ್ಡಿ.

"ಇದೇನು?"

"ಎರಡನೇ ಕುರ್ಚಿಗೆ ಅಳತೆ. ನೀವು ಹೇಳಿಕೊಟ್ಟ ಹಾಗೇ ತಗೊಂಡಿದೀನಿ." ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಗುಬ್ಬಿ ಅದನ್ನು ತಿರುಗಿಸಿ ನೋಡಿದಳು. ಗಿಡ್ಡ ಕಡ್ಡಿ. ಗಂಡಸಿನದಲ್ಲ.

"ಯಾರಿಗೆ?"

"ಅದು... ಕೆಲಸ ಮುಗೀಲಿ. ಹೇಳ್ತೀನಿ."

"ಅವರನ್ನೇ ಕರ್ಕೊಂಡು ಬರಬಹುದಿತ್ತಲ್ಲ? ನಾನೇ ಅಳೀತಿದ್ದೆ."

"ಅವರಿಗಿನ್ನೂ ಗೊತ್ತಿಲ್ಲ. ಹೇಳದೇನೇ ಅಳತೆ ತಗೊಂಡೆ."

ಹೇಳದೇನೇ ಮೊಣಕಾಲು ಅಳೆಯುವಷ್ಟು ಸಲಿಗೆಯೇ! ಗುಬ್ಬಿ ಮುಖದಲ್ಲಿ ನಗು ಎಳೆದು ತಂದು, "ಪರವಾಗಿಲ್ಲ ಲಿಫ್ಟ್ ಸಾರ್, ಚೆನ್ನಾಗೇ ಅಳೆದಿದೀರಿ," ಎಂದಳು. ಕಡ್ಡಿಯನ್ನು ಚೀಲಕ್ಕೆ ತುರುಕಿದಳು.

ಅವನು ಇನ್ನೂ ಏನೋ ನಿರೀಕ್ಷಿಸುವವನಂತೆ ನಿಂತಿದ್ದ. ಆಮೇಲೆ ಮುಖ ಬಾಡಿಸಿಕೊಂಡು ಕೆಲಸಕ್ಕೆ ಹೊರಟ.

ಅವನು ಇಳಿದ, ಓನರ್ ಅಮ್ಮ ಹತ್ತಿದರು.

"ಗೊತ್ತಾಯ್ತೇನಮ್ಮ? ನಮ್ಮ ಹುಡುಗನ ಮನಸ್ಸಲ್ಲಿ ಯಾರೋ ಇದಾಳೆ! ಮದುವೆ ಯಾವಾಗಪ್ಪ ಅಂತ ನಾನೇ ಬಾಯಿ ಬಿಡಿಸ್ದೆ. ಅರ್ಧ ಹೇಳ್ದ, ಅರ್ಧ ನುಂಗ್ಕೊಂಡ."

"ಹೌದಾ...? ಹೇಗಿದಾಳಂತೆ?" ಕೇಳಬಾರದೆಂದುಕೊಂಡೇ ಕೇಳಿದಳು.

"ಗಿಡ್ಡ ಅಂತೆ. ಬಾಯಿ ಬಲು ಜೋರಂತೆ. ಒಂದು ನಿಮಿಷ ಸುಮ್ನಿರೋ ಪೈಕಿ ಅಲ್ವಂತೆ."

"ಅಂಥೋಳ ಜೊತೆ ಹೆಂಗೆ ಏಗ್ತಾರೋ!" ಎಂದಳು ಗುಬ್ಬಿ, ಉರಿದುಕೊಂಡು.

"ನಾನೂ ಅದನ್ನೇ ಅಂದೆ ಕಣಮ್ಮ."

ಅವಳು ಆ ಸಂಜೆಯೇ ಕಂಪನಿಗೆ ಫೋನ್ ಮಾಡಿ, ಬರುತ್ತೇನೆಂದಳು. ತಾರಸಿ ಕೆಲಸ ಮುಗಿದ ಮರುದಿನ ಬೆಳಗ್ಗೆಯೇ ಬಸ್ಸು.

* * *

ಎರಡನೇ ಕುರ್ಚಿ ಮಾಡುವಾಗ ಗುಬ್ಬಿ ಪಟ್ಟ ಸಂಕಟ ಅವಳಿಗೇ ಗೊತ್ತು.

ಕಡ್ಡಿ ಇಟ್ಟು ಕಾಲು ಕೊಯ್ದಳು. 'ನನ್ನ ಹಾಗೇ ಗಿಡ್ಡ. ನನ್ನ ಹಾಗೇ ಗಿಡ್ಡ ಇದ್ದೂ, ನಾನಲ್ಲ!' ಕೆಟ್ಟದಾಗಿ ಮಾಡಿಬಿಡಲೇ ಎಂಬ ಯೋಚನೆಯೂ ಬಂತು. ಒಂದು ಕಾಲು ಚೂರು ಮೋಟು ಮಾಡಿದರೆ ಸಾಕು, ಕೂತಾಗಲೆಲ್ಲ ಟಕ್ ಟಕ್ ಎಂದು ಅಲ್ಲಾಡುತ್ತದೆ. ಆದರೆ ಕೈ ಕೇಳಬೇಕಲ್ಲ! ಕೈ ತನ್ನಷ್ಟಕ್ಕೆ ಅಂಚು ಉಜ್ಜಿತು, ತೋಳಿಡುವ ಕಡೆ ನುಣುಪು ಮಾಡಿತು, ಬೆನ್ನಿಗೆ ಹಿತ್ತಾಳೆ ಪಟ್ಟಿ ಕೂರಿಸಿತು. ಇದುವರೆಗೆ ಮಾಡಿದ ಕುರ್ಚಿಗಳಲ್ಲೆಲ್ಲ ಅದೇ ಚೆಂದದ ಕುರ್ಚಿಯಾಯಿತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಕೊನೆಯ ದಿನ ಎರಡೂ ಕುರ್ಚಿಗಳನ್ನು ಸಂಜೆಯ ನೆರಳು ಬೀಳುವ ಜಾಗಕ್ಕೇ ತಂದು, ಎದುರುಬದುರು ಅಲ್ಲ, ಪಕ್ಕಪಕ್ಕ ಇಟ್ಟಳು. ಡಬ್ಬಗಳಲ್ಲಿ ಪುದೀನ, ಲೋಳೆಸರ ನೆಟ್ಟಾಗಿತ್ತು. ಹಗ್ಗದುದ್ದಕ್ಕೂ ಬಲ್ಬು ತೂಗುತ್ತಿದ್ದವು. ಬೋಳು ತಾರಸಿ ಈಗ ಒಂದು ಮನೆಯ ಹಾಗೆ ಕಾಣುತ್ತಿತ್ತು. ಬೇರೆ ಯಾರದೋ ಮನೆಯ ಹಾಗೆ.

"ಸಂಜೆ ನಾನು ಬರೋವರೆಗೂ ಇರ್ತೀರಲ್ಲ?" ಬೆಳಗ್ಗೆ ಹೊರಡುವಾಗ ಅವನು ಕೇಳಿದ್ದ. "ಯಜಮಾನರು ಕೂರೋದನ್ನ ನೋಡಿಯೇ ಹೋಗೋದು ನಿಮ್ಮ ಪದ್ಧತಿ ಅಲ್ವಾ?"

"ನೋಡೋಣ," ಎಂದಿದ್ದಳು.

ನೋಡಲಿಲ್ಲ. ಆ ಹುಡುಗಿ ಬಂದು, ನಾಚಿಕೊಂಡು, ತಾನು ಉಜ್ಜಿದ ತೋಳಿನ ಮೇಲೆ ಕೈಯಿಟ್ಟು ಕೂರುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಮಧ್ಯಾಹ್ನವೇ ಬೀಗದ ಕೈಯನ್ನು ಓನರ್ ಅಮ್ಮನಿಗೆ ಕೊಟ್ಟು, "ನಾಳೆ ಬೆಳಗ್ಗೆ ಬಸ್ಸು ನಂದು, ಅವರಿಗೆ ಹೇಳ್ಬಿಡಿ," ಎಂದು ಮೆಟ್ಟಿಲಿಳಿದಳು. ತಿರುಗಿ ನೋಡದೆ ಬರುವುದು ಅವಳಿಗೆ ಅಭ್ಯಾಸವಿತ್ತು. ಈ ಸಲ ಮಾತ್ರ ಬೀದಿಯ ತಿರುವಿನಲ್ಲಿ ನಿಂತು, ಮೇಲೆ ಕಾಣುತ್ತಿದ್ದ ಹಸಿರು ಬಟ್ಟೆಯನ್ನು ನೋಡಿದಳು.

* * *

ಸಂಜೆ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಫೋನ್ ಬಂತು. ಅವನೇ!

"ಮೇಡಮ್... ಆ ಎರಡನೇ ಕುರ್ಚಿ..."

"ಏನಾಯ್ತು?"

"ಅಲ್ಲಾಡ್ತಿದೆ."

"ಏನಂದ್ರಿ?!"

"ಅಲ್ಲಾಡ್ತಿದೆ ಅಂದೆ. ಕಾಲು ಸರಿ ಇಲ್ಲ ಅನ್ಸುತ್ತೆ."

ಪ್ರೀತಿ ಕೈತಪ್ಪಿತೆಂದರೆ ಸಹಿಸಿಕೊಂಡಾಳು. ತನ್ನ ಕುರ್ಚಿ ಅಲ್ಲಾಡುತ್ತದೆ ಎಂದರೆ? ಗುಬ್ಬಿಯ ಮೂಗು ಕೆಂಪಾಯಿತು. ಸುತ್ತಿಗೆ ಎತ್ತಿಕೊಂಡಳು.

"ಎಲ್ಲಿಗೇ? ಚಹಾ?" ಎಂದಳು ಅಕ್ಕ.

"ನನ್ನ ಕುರ್ಚಿ ಅಲ್ಲಾಡುತ್ತಂತೆ ಅಕ್ಕಾ! ನನ್ನ ಕುರ್ಚಿ!"

ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದಳು. ತಾರಸಿಯ ಮೇಲೆ ಅವನೊಬ್ಬನೇ ನಿಂತಿದ್ದ. ಗ್ರೀಸ್ ಅಂಗಿಯಲ್ಲ, ಇಸ್ತ್ರಿ ಮಾಡಿದ ನೀಲಿ ಅಂಗಿ. ಹೊತ್ತು ಮುಳುಗುವ ಮುಂಚೆಯೇ ಬಲ್ಬುಗಳು ಹತ್ತಿದ್ದವು.

ಅವಳು ಅವನ ಕಡೆ ನೋಡಲಿಲ್ಲ. ನೆಟ್ಟಗೆ ಕುರ್ಚಿಯ ಬಳಿ ಮಂಡಿಯೂರಿ ನಾಲ್ಕೂ ಕಾಲು ಒತ್ತಿದಳು. ಎಡಕ್ಕೆ ಒತ್ತಿದಳು, ಬಲಕ್ಕೆ ಒತ್ತಿದಳು. ಕುರ್ಚಿ ಬಂಡೆಯ ಹಾಗೆ ನಿಂತಿತ್ತು.

"ಎಲ್ಲಿ ಅಲ್ಲಾಡುತ್ತೆ?"

"ಅದು... ಕೂತಾಗ ಅಲ್ಲಾಡುತ್ತೆ."

"ಯಾರು ಕೂತಿದ್ರು?"

"ಯಾರೂ ಇನ್ನೂ ಕೂತಿಲ್ಲ."

"ಮತ್ತೆ ಅಲ್ಲಾಡುತ್ತೆ ಅಂತ ನಿಮಗೆ ಕನಸು ಬಿತ್ತಾ?"

ಅವನು ಬೆವರು ಒರೆಸಿಕೊಂಡ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ. "ನೀವೇ ಒಂದು ಸಲ ಕೂತು ನೋಡಿ."

"ನನ್ನ ಹಟ ನಿಮಗೆ ಗೊತ್ತಲ್ಲ? ಯಾರಿಗೆ ಮಾಡಿದ್ದೋ ಅವರೇ ಮೊದಲು..."

"ಅದಕ್ಕೇ ಹೇಳ್ತಿರೋದು," ಎಂದ ಅವನು. "ಅದಕ್ಕೇ... ಕೂತ್ಕೊಳ್ಳಿ ಗುಬ್ಬಿ."

ಗುಬ್ಬಿ! ಇದುವರೆಗೆ ಅವನು ಅವಳನ್ನು ಹಾಗೆ ಕರೆದೇ ಇರಲಿಲ್ಲ.

ಅವಳ ಕೈಯಿಂದ ಸುತ್ತಿಗೆ ಜಾರಿತು. ಏನೂ ತಿಳಿಯದೆ, ಕುರ್ಚಿಯ ತೋಳು ಹಿಡಿದು, ನಿಧಾನಕ್ಕೆ ಕೂತಳು. ಅಭ್ಯಾಸದಂತೆ ಕಾಲು ತೂಗಾಡಲು ಹೊರಟಿತು...

ಆಗಲಿಲ್ಲ. ಕಾಲ ಕೆಳಗೆ ನೆಲವಿತ್ತು.

ಎರಡೂ ಪಾದ, ಹಿಮ್ಮಡಿಯಿಂದ ಬೆರಳಿನವರೆಗೆ, ಪೂರ್ತಿಯಾಗಿ ಬಿಳಿ ನೆಲದ ಮೇಲೆ ಊರಿದ್ದವು. ತೊಡೆಯ ಕೆಳಗೆ ಒತ್ತುತ್ತಿರಲಿಲ್ಲ. ಬೆನ್ನಿಗೆ ಹಲಗೆ ತಾಗಿತ್ತು. ಇಷ್ಟು ವರ್ಷದ ಬದುಕಿನಲ್ಲಿ ಯಾವ ಶಾಲೆಯ ಬೆಂಚೂ, ಯಾವ ಬಸ್ಸಿನ ಸೀಟೂ, ಯಾವ ನೆಂಟರ ಮನೆಯ ಸೋಫಾವೂ ಅವಳಿಗೆ ಕೊಡದಿದ್ದದ್ದು!

"ಇದು... ಇದು ನನ್ನ..."

"ಹೂಂ."

"ಅಳತೆ ಎಲ್ಲಿ ಸಿಕ್ತು?"

ಅವನು ಮೋಟುಗೋಡೆಯ ಕಡೆ ಬೆರಳು ತೋರಿಸಿದ. ಬಿಳಿಯ ನಡುವೆ ದುಂಡಗೆ ಉಳಿದ ಅವಳ ಮೊಣಕಾಲಿನ ಗುರುತು.

"ಅಲ್ಲಿಂದ ನಾಲ್ಕು ಬೆರಳು ಕೆಳಗೆ. ನೀವೇ ಹೇಳಿಕೊಟ್ಟಿದ್ದು. ಕಡ್ಡಿ ಕೈಗೆ ಕೊಟ್ಟ ತಕ್ಷಣ ನಿಮಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ನೀವು ಚೀಲಕ್ಕೆ ಹಾಕ್ಕೊಂಡು ಹೋಗ್ಬಿಟ್ರಿ!"

"ಊರೋರ ಕಾಲೆಲ್ಲ ಅಳೆದಿದೀನಿ... ನಂದನ್ನ ಯಾವತ್ತೂ ಅಳೆದಿಲ್ಲ," ಎಂದಳು ಗುಬ್ಬಿ. ಕಣ್ಣೀರು ಕೆನ್ನೆ ದಾಟಿ ಇಳಿಯುತ್ತಿತ್ತು. "ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನಾನೆಷ್ಟು ಅತ್ತಿದೀನಿ ಗೊತ್ತಾ?"

"ಕೆಲಸದ ಜಾಗದಲ್ಲಿ ಆ ಮಾತೆತ್ತಿದ್ರೆ ಅರ್ಧಕ್ಕೇ ಬಿಟ್ಟು ಹೋಗ್ತೀನಿ ಅಂದವರು ಯಾರು? ಕೆಲಸ ಹೋದ್ರೆ ಹೋಗಲಿ. ನೀವು ಹೋಗ್ಬಿಟ್ರೆ ಅಂತ... ಬಾಯಿ ಮುಚ್ಕೊಂಡಿದ್ದೆ. ಈಗ ಕೆಲಸ ಮುಗೀತು. ಈಗ ಹೇಳಬಹುದಾ?"

ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

ಅವನು ಅವಳ ಮುಂದೆ ನೆಲದ ಮೇಲೆ ಕೂತ. "ನಾನು ಮೊದಲು ನೋಡಿದ್ದು ನಿಮ್ಮ ಮುಖ ಅಲ್ಲ. ಈ ಕಾಲು. ಆ ಲಿಫ್ಟಿನ ಸಂದಿಯಲ್ಲಿ, ನೆಲ ಸಿಗದೆ ಒದ್ದಾಡ್ತಿತ್ತು. ಆವತ್ತಿಂದ ಒಂದೇ ಯೋಚನೆ, ಈ ಕಾಲಿಗೆ ಒಂದು ನೆಲ ಸಿಗಬೇಕು. ಅದು ನನ್ನ ಪಕ್ಕದಲ್ಲಿ ಸಿಕ್ಕಿದ್ರೆ... ನನಗೆ ಬೇರೇನೂ ಬೇಡ. ನೀವಂದ್ರೆ ನನಗೆ ಪ್ರಾಣ."

ಅವಳು ಬಿಕ್ಕಿದಳು.

"ಹೂಂ ಅನ್ಲೇಬೇಕು ಅಂತಿಲ್ಲ. ಬಸ್ಸು ಅಂತ ಓನರ್ ಅಮ್ಮ ಹೇಳಿದ್ರು. ಹೋಗ್ಬೇಕು ಅನ್ಸಿದ್ರೆ ಹೋಗಿ. ಈ ಕುರ್ಚೀಲಿ ಬೇರೆ ಯಾರನ್ನೂ ಕೂರಿಸಲ್ಲ, ಅಷ್ಟೆ. ಕೂರಿಸಿದ್ರೂ ಅವರ ಮೊಣಕಾಲು ಮೂಗಿಗೆ ಬಡಿಯುತ್ತೆ."

ಅಳುತ್ತಿದ್ದ ಗುಬ್ಬಿ ಫಕ್ಕನೆ ನಕ್ಕುಬಿಟ್ಟಳು. ಮೂಗು ಒರೆಸಿಕೊಂಡು, ಕೂತಲ್ಲಿಂದಲೇ ಫೋನ್ ತೆಗೆದು ಅಕ್ಕನಿಗೆ ಹಚ್ಚಿದಳು.

"ಅಕ್ಕಾ, ಬ್ಯಾಗಿಂದ ಬಟ್ಟೆ ತೆಗೆದಿಡು. ನಾಳೆ ನಾನೇ ಆ ಕಂಪನಿಯವರಿಗೆ ಬರಲ್ಲ ಅಂತ ಹೇಳ್ತೀನಿ."

"ಯಾಕೇ? ಏನಾಯ್ತು? ಎಲ್ಲಿದೀಯ?"

"ಕೂತಿದೀನಿ."

"ಏನು...?"

"ಕೂತಿದೀನಿ ಅಕ್ಕಾ. ಕುರ್ಚಿ ಮೇಲೆ."

"ನೀನಾ? ಕೂತಿದೀಯಾ?" ಅಕ್ಕನ ದನಿಯಲ್ಲಿ ಗಾಬರಿ. "ಹುಷಾರಾಗಿದೀಯಾ ತಾನೆ? ಭಾವನ್ನ ಕಳಿಸ್ಲಾ?"

"ಇಷ್ಟು ಹುಷಾರಾಗಿ ಯಾವತ್ತೂ ಇರ್ಲಿಲ್ಲ," ಎಂದು ಗುಬ್ಬಿ ಫೋನಿಟ್ಟಳು.

ಮೆಟ್ಟಿಲ ಬಾಗಿಲ ಹಿಂದೆ ಯಾರೋ ಜೋರಾಗಿ ಮೂಗು ಸೀಟಿಕೊಂಡರು. "ಓನರ್ ಅಮ್ಮಾ, ಮಂಡಿ ನೋವು ಹೇಗಿದೆ?" ಎಂದು ಅವನು ಕೂಗಿದ. ಹೆಜ್ಜೆಗಳು ದಡಬಡ ಕೆಳಗಿಳಿದವು.

ಬಿಸಿಲು ಎದುರಿನ ಕಟ್ಟಡದ ಹಿಂದೆ ಸರಿಯಿತು. ಅವಳು ಲೆಕ್ಕ ಹಾಕಿದ್ದ ಜಾಗಕ್ಕೇ ನೆರಳು ಬಂದು ನಿಂತಿತು.

"ಕಾಲು ಜೋಮು ಹಿಡೀತಾ?" ಅವನು ಮೆಲ್ಲಗೆ ಕೇಳಿದ.

ಗುಬ್ಬಿ ಎರಡೂ ಪಾದಗಳನ್ನು ನೆಲಕ್ಕೆ ಇನ್ನಷ್ಟು ಒತ್ತಿದಳು.

"ಇಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ."

"ಎಷ್ಟು ಹೊತ್ತು?"

ಅವಳು ಪಕ್ಕದ ಕುರ್ಚಿಯನ್ನು ನೋಡಿದಳು. ಅದರಲ್ಲಿ ಇನ್ನೂ ಯಾರೂ ಕೂತಿರಲಿಲ್ಲ. ಅದರ ಯಜಮಾನ ಅವಳಿಗಾಗಿ ಕಾದು, ನೆಲದ ಮೇಲೇ ಕೂತಿದ್ದ.

"ನೀವು ಬಂದು ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ," ಎಂದು ಕೈ ಚಾಚಿದಳು. "ಆಮೇಲೆ ಹೇಳ್ತೀನಿ."